ಪಿಯುಸಿ ಅಂಕ ಚೆನ್ನಾಗಿದ್ದೂ ಸಿಇಟಿ ರ‍್ಯಾಂಕ್ ಏಕೆ ಜಾರುತ್ತದೆ? ಕರಾವಳಿಯ ವಿದ್ಯಾರ್ಥಿಗಳಿಗೆ ಹಂತ ಹಂತದ ತಯಾರಿ

ದ್ವಿತೀಯ ಪಿಯುಸಿ ಫಲಿತಾಂಶದ ದಿನ ಉಡುಪಿ ಮತ್ತು ದಕ್ಷಿಣ ಕನ್ನಡದ ಮನೆಗಳಲ್ಲಿ ಸಂಭ್ರಮವಿರುತ್ತದೆ. 2025ರಲ್ಲಿ ಶೇ. 93.90 ಪಡೆದ ಉಡುಪಿ ರಾಜ್ಯಕ್ಕೆ ಮೊದಲು, ಶೇ. 93.57 ಪಡೆದ ದಕ್ಷಿಣ ಕನ್ನಡ ಎರಡನೆಯದು. ಕೆಲವು ವಾರಗಳ ನಂತರ ಸಿಇಟಿ (ಎಂಜಿನಿಯರಿಂಗ್ ಮೊದಲಾದ ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ರ‍್ಯಾಂಕ್ ಪ್ರಕಟವಾದಾಗ ಇದೇ ಮನೆಗಳಿಂದ ಒಂದೇ ಪ್ರಶ್ನೆ ಬರುತ್ತದೆ: ‘ಪಿಯುಸಿಯಲ್ಲಿ 95 ಪರ್ಸೆಂಟ್ ಇದೆ, ರ‍್ಯಾಂಕ್ ಯಾಕೆ ಇಷ್ಟು ಹಿಂದೆ?’

ಮಕ್ಕಳಿಗೆ ಬುದ್ಧಿ ಸಾಲದೆ ಹೀಗಾಗುವುದಿಲ್ಲ. ಓದಿನಲ್ಲೂ ಕೊರತೆ ಇರುವುದಿಲ್ಲ. ಯಾವ ಕೆಲಸವನ್ನು ಯಾವಾಗ ಮಾಡಬೇಕೆಂಬ ಅನುಕ್ರಮ ತಪ್ಪಿರುತ್ತದೆ. ಅರ್ಥ ಮಾಡಿಕೊಳ್ಳಬೇಕಾದ ತಿಂಗಳುಗಳಲ್ಲಿ ಪ್ರಶ್ನೆಬ್ಯಾಂಕ್ ಬಿಡಿಸುತ್ತಾರೆ, ವೇಗ ಕಲಿಯಬೇಕಾದ ತಿಂಗಳಲ್ಲಿ ಪಠ್ಯವನ್ನು ಮೊದಲಿನಿಂದ ಓದುತ್ತಾರೆ. ಆದ್ದರಿಂದ ಇಲ್ಲಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿ.

ಹಂತ 1: ಮೊದಲು ಲೆಕ್ಕ ಅರ್ಥವಾಗಲಿ

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಪಿಯುಸಿ ಅಂಕಗಳಿಂದ ಅರ್ಧ ಪಾಲು, ಇದೇ ಮೂರು ವಿಷಯಗಳ ಸಿಇಟಿ ಅಂಕಗಳಿಂದ ಇನ್ನರ್ಧ ಪಾಲು ಸೇರುತ್ತದೆ.

ಇಬ್ಬರು ವಿದ್ಯಾರ್ಥಿಗಳನ್ನು ಊಹಿಸಿಕೊಳ್ಳಿ. ಮೊದಲನೆಯವಳಿಗೆ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 90. ಎರಡನೆಯವನಿಗೆ ಪಿಯುಸಿಯಲ್ಲಿ 255, ಸಿಇಟಿಯಲ್ಲಿ 126. ಮೊದಲನೆಯವಳ ಒಟ್ಟು ಲೆಕ್ಕ 72.5, ಎರಡನೆಯವನದು 77.5. ಪಿಯುಸಿಯಲ್ಲಿ 30 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಬಹಳ ಮುಂದೆ ಹೋಗುತ್ತಾನೆ.

ಇದೇ ಲೆಕ್ಕದ ಪ್ರಕಾರ ಸಿಇಟಿಯ 3 ಪ್ರಶ್ನೆಗಳು ಪಿಯುಸಿಯ 5 ಅಂಕಗಳಿಗೆ ಸಮ. ಪಿಯುಸಿಯಲ್ಲಿ ಐದು ಅಂಕ ಹೆಚ್ಚಿಸಲು ಎಷ್ಟು ರಾತ್ರಿ ನಿದ್ದೆಗೆಡುತ್ತೀರಿ ಎಂದು ಯೋಚಿಸಿ. ಸಿಇಟಿಯಲ್ಲಿ ಮೂರು ಪ್ರಶ್ನೆ ಉಳಿಸಿಕೊಳ್ಳಲು ಪ್ರಶ್ನೆಯನ್ನು ಸರಿಯಾಗಿ ಓದಿದರೆ ಎಷ್ಟೋ ಸಲ ಸಾಕಾಗುತ್ತದೆ. ಹಾಗೆಂದು ಪಿಯುಸಿಯನ್ನು ಕಡೆಗಣಿಸುವುದೂ ತಪ್ಪು. ಅರ್ಧ ರ‍್ಯಾಂಕ್ ಅಲ್ಲಿಂದಲೇ ಬರುತ್ತದೆ.

ಜೀವಶಾಸ್ತ್ರದ ಸಿಇಟಿ ಅಂಕಗಳು ಕೃಷಿ, ಪಶುವೈದ್ಯಕೀಯ, ಪ್ರಕೃತಿ ಚಿಕಿತ್ಸೆಯಂಥ ಕೋರ್ಸುಗಳಿಗೆ ಬೇಕಾಗುತ್ತವೆ. ಎಂಬಿಬಿಎಸ್‌ಗೆ ನೀಟ್, ಆರ್ಕಿಟೆಕ್ಚರ್‌ಗೆ ನಾಟಾ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆಗಳಿವೆ. ನಿಮ್ಮ ಗುರಿಗೆ ಯಾವ ವಿಷಯಗಳು ಸೇರುತ್ತವೆ ಎಂದು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ.

ಹಂತ 2: ಸಾಮಗ್ರಿ ಕಡಿಮೆ ಇರಲಿ, ಸರಿಯಾಗಿರಲಿ

ಬೇಕಾದವು ಇಷ್ಟೇ: ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು, ಹಿಂದಿನ ವರ್ಷಗಳ ಸಿಇಟಿ ಪ್ರಶ್ನೆಪತ್ರಿಕೆಗಳು ಮತ್ತು ಕೀ ಉತ್ತರಗಳು, ಜೆರಾಕ್ಸ್ ಮಾಡಿಸಿದ ಒಎಂಆರ್ ಹಾಳೆಗಳು (ಉತ್ತರದ ವೃತ್ತವನ್ನು ಪೆನ್ನಿನಲ್ಲಿ ತುಂಬುವ ಹಾಳೆಗಳು), ಬಾಲ್‌ಪಾಯಿಂಟ್ ಪೆನ್, ಒಂದು ಗೋಡೆ ಗಡಿಯಾರ ಮತ್ತು ತಪ್ಪುಗಳನ್ನು ಬರೆದಿಡಲು ಒಂದು ದಪ್ಪ ನೋಟ್‌ಪುಸ್ತಕ. ಹಳೆಯ ಪ್ರಶ್ನೆಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಿಗಾಗಿ ದುಡ್ಡು ಸುರಿಯಬೇಡಿ.

ಅಣ್ಣ ಅಥವಾ ಅಕ್ಕ ಬಳಸಿದ ಗೈಡ್ ಮನೆಯಲ್ಲಿದ್ದರೆ ತೆರೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಮೊದಲ ಅಧ್ಯಾಯ ಘನಸ್ಥಿತಿ ಎಂದಿದ್ದರೆ ಅದು ಹಳೆಯ ಪಠ್ಯಕ್ರಮದ ಪುಸ್ತಕ. ಈಗಿನ ಪಠ್ಯ ದ್ರಾವಣಗಳಿಂದ ಆರಂಭವಾಗುತ್ತದೆ. ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್, ದಿನನಿತ್ಯದ ಜೀವನದಲ್ಲಿ ರಸಾಯನಶಾಸ್ತ್ರ ಮುಂತಾದ ಅಧ್ಯಾಯಗಳೂ ಪುಸ್ತಕದಿಂದ ಹೊರಬಿದ್ದಿವೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂರುವ ಮುನ್ನ ಕೈಬಿಟ್ಟ ಅಧ್ಯಾಯಗಳ ಪ್ರಶ್ನೆಗಳಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಯಿರಿ. ಇಲ್ಲವಾದರೆ ನಿಮ್ಮ ಅಂಕ ಎಷ್ಟೆಂಬುದು ನಿಮಗೇ ತಿಳಿಯುವುದಿಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಗಿ ಬಂತು. ಆ ವರ್ಷದ ಪತ್ರಿಕೆಯನ್ನು ಬಿಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಐಐಟಿ, ಎನ್‌ಐಟಿ ಪ್ರವೇಶದ ಜೆಇಇ ಪರೀಕ್ಷೆಗೆಂದು ತಂದ ದಪ್ಪ ಪುಸ್ತಕಗಳನ್ನೇ ಸಿಇಟಿಗೂ ಬಳಸಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಜೆಇಇಯ ಪ್ರಶ್ನೆ ಆಳಕ್ಕೆ ಇಳಿಯಲು ಸಮಯ ಕೊಡುತ್ತದೆ. ಸಿಇಟಿ ಪ್ರಶ್ನೆಗೆ ಸರಾಸರಿ 80 ಸೆಕೆಂಡ್ ಮಾತ್ರ. ಎರಡೂ ಪರೀಕ್ಷೆ ಬರೆಯುವವರು ಸಿಇಟಿಯ ವೇಗವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಲೇಬೇಕು.

ಹಂತ 3: ದಾಖಲೆಗಳ ಕೆಲಸ ಡಿಸೆಂಬರ್ ಒಳಗೆ ಮುಗಿಯಲಿ

ಈ ಹಂತ ಅಪ್ಪ ಅಮ್ಮಂದಿರಿಗೆ. ಅರ್ಜಿ ತುಂಬುವ ದಿನ ನಾಡಕಚೇರಿಗೆ ಓಡುವ ಪರಿಪಾಠ ಬಿಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು (ಅವುಗಳ ಮೇಲೆ RD ಎಂದು ಆರಂಭವಾಗುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಆ ಪ್ರಮಾಣಪತ್ರಗಳಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು ಇವೆಲ್ಲ ಅಕ್ಷರ ಅಕ್ಷರವಾಗಿ ಹೊಂದುತ್ತವೆಯೇ ಎಂದು ನೋಡಿ. ನಮ್ಮ ಕಡೆ ಇನಿಶಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು, ಮನೆತನದ ಹೆಸರು ಒಂದರಲ್ಲಿ ಮಾತ್ರ ಇರುವುದು ತೀರಾ ಸಾಮಾನ್ಯ.

ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿಯ ವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮ ಮೀಸಲಾತಿಗೂ ಈ ಹತ್ತು ವರ್ಷ ಕನ್ನಡದಲ್ಲಿ ಓದಿರಬೇಕು. ಮಂಗಳೂರಿನ ಸುತ್ತಮುತ್ತ ಇಲ್ಲೇ ಎಡವುತ್ತಾರೆ. ಗದ್ದೆ ತೋಟಗಳ ನಡುವೆ ಶಾಲೆ ಇದೆ ಎಂದ ಮಾತ್ರಕ್ಕೆ ಅದು ಗ್ರಾಮೀಣವಲ್ಲ. ಮಗು ಓದಿದ ವರ್ಷಗಳಲ್ಲಿ ಆ ಜಾಗ ಗ್ರಾಮ ಪಂಚಾಯತಿಗೆ ಸೇರಿತ್ತೇ, ಪಟ್ಟಣ ಪಂಚಾಯತಿಗೋ ಪಾಲಿಕೆಗೋ ಸೇರಿತ್ತೇ ಎಂದು ಶಾಲೆಯಲ್ಲಿ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಕಾಸರಗೋಡು ಭಾಗದಿಂದ ಗಡಿನಾಡು ಕನ್ನಡಿಗರೆಂದು ಅರ್ಜಿ ಹಾಕುವವರಿಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಇದೆ. ಅದರಲ್ಲಿ ಕನಿಷ್ಠ 12 ಅಂಕ ಬರಲೇಬೇಕು. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಗೈರಾದರೆ ಅರ್ಹತೆಯೇ ಕೈತಪ್ಪುತ್ತದೆ.

ಹಂತ 4: ಜನವರಿಯ ವರೆಗೆ ಪಠ್ಯಪುಸ್ತಕ ಮಾತ್ರ

ಜೂನ್‌ನಿಂದ ಜನವರಿಯ ವರೆಗೆ ಪ್ರತಿ ಅಧ್ಯಾಯ ಕಾಲೇಜಿನಲ್ಲಿ ಮುಗಿದ ವಾರವೇ ಮನೆಯಲ್ಲೂ ಮುಗಿಯಬೇಕು. ಪಠ್ಯ ಓದಿ, ಪುಸ್ತಕದೊಳಗಿನ ಬಿಡಿಸಿದ ಉದಾಹರಣೆಗಳನ್ನು ಉತ್ತರ ಮುಚ್ಚಿಟ್ಟು ನೀವೇ ಬಿಡಿಸಿ, ಆಮೇಲೆ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಮಾಡಿ. ಅದಾದ ಮೇಲೆ ಅದೇ ಅಧ್ಯಾಯದ ಹತ್ತಿಪ್ಪತ್ತು ಹಳೆಯ ಸಿಇಟಿ ಪ್ರಶ್ನೆಗಳನ್ನು ಬಿಡಿಸಿ. ಈ ಹಂತದಲ್ಲಿ ಗಡಿಯಾರ ಬೇಡ.

ಬಹುತೇಕರ ರ‍್ಯಾಂಕ್ ಬೀಳುವುದು ಪ್ರಥಮ ಪಿಯುಸಿಯಿಂದ. ಆ ವರ್ಷದ ಅಂಕ ರ‍್ಯಾಂಕಿಗೆ ಸೇರುವುದಿಲ್ಲವಾದ್ದರಿಂದ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಆದರೆ ಸಿಇಟಿ ಎರಡೂ ವರ್ಷಗಳ ಪಠ್ಯದಿಂದ ಪ್ರಶ್ನೆ ಕೇಳುತ್ತದೆ. ತ್ರಿಕೋನಮಿತಿ, ಚಲನೆಯ ನಿಯಮಗಳು, ರಾಸಾಯನಿಕ ಬಂಧ, ಸಾವಯವ ರಸಾಯನದ ಮೂಲತತ್ವಗಳು ಗಟ್ಟಿಯಿಲ್ಲದಿದ್ದರೆ ದ್ವಿತೀಯ ಪಿಯುಸಿಯ ಅಧ್ಯಾಯಗಳೂ ಅಲ್ಲಾಡುತ್ತವೆ. ದಸರಾ ಮತ್ತು ಕ್ರಿಸ್ಮಸ್ ರಜೆಗಳನ್ನು ಪೂರ್ತಿಯಾಗಿ ಪ್ರಥಮ ಪಿಯುಸಿಗೆ ಕೊಡಿ. ಉಳಿದ ವಾರಗಳಲ್ಲಿ ಭಾನುವಾರ ಬೆಳಗಿನ ಎರಡು ಗಂಟೆ ಸಾಕು.

ಮನೆಯಲ್ಲಿ ಜನ ಹೆಚ್ಚು, ಜಾಗ ಕಡಿಮೆ ಎನ್ನುವವರು ಮಂಗಳೂರಿನ ಬಾವುಟಗುಡ್ಡೆಯ ಅಥವಾ ಉಡುಪಿಯ ಅಜ್ಜರಕಾಡಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂತು ಓದಬಹುದು. ಕಾಲೇಜು ಬಿಟ್ಟ ಮೇಲೆ ಒಂದು ಗಂಟೆ ಅಲ್ಲಿ ಓದಿ ಬಸ್ ಹತ್ತಿದರೆ ಮನೆಗೆ ಹೋದ ಮೇಲಿನ ಭಾರ ಇಳಿಯುತ್ತದೆ.

ಹಂತ 5: ಪಿಯುಸಿ ಪರೀಕ್ಷೆ ಮುಗಿಯುವ ತನಕ ಸಿಇಟಿ ಪಕ್ಕಕ್ಕೆ

ಫೆಬ್ರವರಿಯಿಂದ ವಾರ್ಷಿಕ ಪರೀಕ್ಷೆಯ ಕೊನೆಯ ದಿನದ ತನಕ ವಿವರವಾಗಿ ಬರೆಯುವ ಉತ್ತರಗಳದ್ದೇ ಅಭ್ಯಾಸ. ಈ ಅವಧಿಯಲ್ಲಿ ಸಿಇಟಿ ಅಣಕು ಪರೀಕ್ಷೆಗಳಿಗೆ ಹಾತೊರೆದು ಎರಡನ್ನೂ ಕೆಡಿಸಿಕೊಂಡ ಮಕ್ಕಳು ಬಹಳ. ಪ್ರಶ್ನೆಪತ್ರಿಕೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳು ಹೇಗೂ ಇರುತ್ತವೆ, ಅಷ್ಟು ಸಂಪರ್ಕ ಸಾಕು.

ಹಂತ 6: ನಡುವಿನ ಒಂದು ತಿಂಗಳು

ಪಿಯುಸಿ ಪರೀಕ್ಷೆ ಮುಗಿದು ಸಿಇಟಿ ಬರುವ ತನಕ ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸು ಸಮಯ ಸಿಗುತ್ತದೆ. ಇಡೀ ತಯಾರಿಯಲ್ಲಿ ಅತಿ ಬೆಲೆಬಾಳುವ ದಿನಗಳಿವು. ಕರಾವಳಿಯಲ್ಲಿ ಅತಿ ಸುಲಭವಾಗಿ ಕಳೆದುಹೋಗುವ ದಿನಗಳೂ ಇವೇ. ಮದುವೆ, ಗೃಹಪ್ರವೇಶ, ಮನೆದೈವದ ನೇಮ, ಊರಿನ ಬ್ರಹ್ಮಕಲಶ, ರಾತ್ರಿಯಿಡೀ ಯಕ್ಷಗಾನ, ಇವೆಲ್ಲ ಮಾರ್ಚ್ ಏಪ್ರಿಲ್‌ನಲ್ಲೇ. ಬಿಸು ಹಬ್ಬವಂತೂ ಏಪ್ರಿಲ್ ಮಧ್ಯದಲ್ಲಿ, ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ಹಬ್ಬ ಬಿಡಿ ಎನ್ನುವುದಿಲ್ಲ. ಬೆಳಿಗ್ಗೆ ಕಣಿ ನೋಡಿ, ಹಿರಿಯರ ಕಾಲಿಗೆ ನಮಸ್ಕರಿಸಿ, ಊಟ ಮಾಡಿ ಮೇಜಿಗೆ ಬನ್ನಿ. ರಾತ್ರಿ ನಿದ್ದೆಗೆಡುವ ಕಾರ್ಯಕ್ರಮಗಳಿಗೆ ಮಾತ್ರ ಈ ಒಂದು ವರ್ಷ ಹೋಗಬೇಡಿ. ನೆಂಟರಿಷ್ಟರು ಬೇಸರಪಟ್ಟುಕೊಂಡರೆ ಆ ಬೇಸರ ಮನೆಯ ದೊಡ್ಡವರ ಹೆಗಲ ಮೇಲಿರಲಿ, ಮಗುವಿನ ಮೇಲೆ ಬೇಡ.

ಮೊದಲ ಎರಡು ದಿನ ವಿಶ್ರಾಂತಿ. ಮೂರನೇ ದಿನ ಗಡಿಯಾರ ಇಟ್ಟುಕೊಂಡು ನಾಲ್ಕು ವಿಷಯಗಳ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆಯಿರಿ. ಅಂಕ ಕಡಿಮೆ ಬಂದೀತು, ಬರಲಿ. ಎಲ್ಲಿ ಸೋರುತ್ತಿದೆ ಎಂದು ತಿಳಿಯುವುದಷ್ಟೇ ಅದರ ಉದ್ದೇಶ.

ಆಮೇಲಿನ ದಿನಚರಿ ಹೀಗಿರಲಿ. ಬೆಳಿಗ್ಗೆ 10.30ರಿಂದ 11.50ರ ತನಕ ಒಂದು ವಿಷಯ, ಮಧ್ಯಾಹ್ನ 2.30ರಿಂದ 3.50ರ ತನಕ ಇನ್ನೊಂದು. ಸಿಇಟಿ ನಡೆಯುವುದು ಇದೇ ಹೊತ್ತಿಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂವರೆಯ ಸೆಕೆಯಲ್ಲಿ, ಊಟದ ಜೊಂಪಿನಲ್ಲಿ ಲೆಕ್ಕ ಮಾಡುವುದನ್ನು ದೇಹಕ್ಕೆ ಕಲಿಸಬೇಕು. ರಾತ್ರಿ ತಂಪಿನಲ್ಲಿ ಚೆನ್ನಾಗಿ ಬಿಡಿಸಿದ ಪತ್ರಿಕೆ ನಿಮ್ಮ ನಿಜವಾದ ಮಟ್ಟ ತೋರಿಸುವುದಿಲ್ಲ. ವಿದ್ಯುತ್ ಹೋದರೂ ಪತ್ರಿಕೆ ನಿಲ್ಲಿಸಬೇಡಿ, ಫ್ಯಾನ್ ಇಲ್ಲದೆಯೇ ಬರೆಯಿರಿ.

ಪರೀಕ್ಷೆಗಿಂತ ದೊಡ್ಡ ಕೆಲಸ ಅದರ ನಂತರದ್ದು. ತಪ್ಪುಗಳ ನೋಟ್‌ಪುಸ್ತಕದಲ್ಲಿ ಪ್ರತಿ ತಪ್ಪಿನ ಮುಂದೆ ನಾಲ್ಕರಲ್ಲಿ ಒಂದು ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಗೊತ್ತಿತ್ತು ಲೆಕ್ಕ ತಪ್ಪಿತು, ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ. ‘ಗೊತ್ತಿರಲಿಲ್ಲ’ ಹೆಚ್ಚಿದ್ದರೆ ಪಠ್ಯಪುಸ್ತಕದ ಆ ಅಧ್ಯಾಯಕ್ಕೆ ಹಿಂದಿರುಗಿ. ‘ತಪ್ಪಾಗಿ ಓದಿದೆ’ ಹೆಚ್ಚಿದ್ದರೆ ‘ಯಾವುದು ಸರಿಯಲ್ಲ’, ‘ಹೊರತುಪಡಿಸಿ’ ಎಂಬಂಥ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿ. ಕಾರಣ ಬರೆಯದೆ ದಿನಕ್ಕೊಂದು ಹೊಸ ಪತ್ರಿಕೆ ಬಿಡಿಸುತ್ತ ಹೋದವರ ಅಂಕ ಮೊದಲ ವಾರ ನಿಂತಲ್ಲೇ ನಾಲ್ಕನೇ ವಾರವೂ ನಿಂತಿರುತ್ತದೆ.

ಕ್ರ್ಯಾಶ್ ಕೋರ್ಸ್ ಸೇರಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ನಿಮ್ಮ ಪತ್ರಿಕೆಯ ತಪ್ಪುಗಳನ್ನು ಕೂತು ತಿದ್ದುವವರಿದ್ದರೆ ಸೇರಿ. ನೂರಾರು ಮಕ್ಕಳ ಮುಂದೆ ಎಲ್ಲ ಅಧ್ಯಾಯಗಳನ್ನು ಮತ್ತೆ ಓಡಿಸುವುದಾದರೆ ಬೇಡ. ಬೆಳ್ತಂಗಡಿಯಿಂದಲೋ ಸುಳ್ಯದಿಂದಲೋ ದಿನಾ ಮಂಗಳೂರಿಗೆ ಬಂದು ಹೋಗುವವರಿಗೆ ಮೂರು ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಎರಡು ಪತ್ರಿಕೆ ಬರೆದು ತಿದ್ದಬಹುದು.

ಹಂತ 7: 80 ನಿಮಿಷಗಳನ್ನು ಹಂಚುವ ಬಗೆ

ಮೂರು ಸುತ್ತು ಮಾಡಿ. ಮೊದಲ 40–45 ನಿಮಿಷಗಳಲ್ಲಿ 1ರಿಂದ 60ರ ತನಕ ಹೋಗಿ, ನೋಡಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳನ್ನು ಮಾತ್ರ ಬಿಡಿಸಿ. ದಾರಿ ಗೊತ್ತು, ಲೆಕ್ಕ ಉದ್ದ ಎನಿಸಿದವಕ್ಕೆ ಒಂದು ಗುರುತು, ಏನೂ ತೋಚದವಕ್ಕೆ ಇನ್ನೊಂದು ಗುರುತು ಹಾಕಿ ಮುಂದೆ ಸಾಗಿ. ಎರಡನೇ ಸುತ್ತಿನ 25 ನಿಮಿಷ ಮೊದಲ ಗುರುತಿನವಕ್ಕೆ. ಕೊನೆಯ 10 ನಿಮಿಷಗಳಲ್ಲಿ ಉಳಿದವಕ್ಕೆಲ್ಲ ಆದಷ್ಟು ಆಯ್ಕೆಗಳನ್ನು ತಳ್ಳಿಹಾಕಿ ಏನಾದರೊಂದು ಉತ್ತರ ತುಂಬಿಸಿ.

ಖಾಲಿ ಬಿಡುವ ಚಾಳಿ ನೀಟ್ ತಯಾರಿಯಿಂದ ಬರುತ್ತದೆ. ಅಲ್ಲಿ ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಆದ್ದರಿಂದ ಗೊತ್ತಿಲ್ಲದ್ದನ್ನು ಬಿಡುವುದೇ ಜಾಣತನ. ಸಿಇಟಿಯಲ್ಲಿ ಹಾಗೆ ಬಿಟ್ಟರೆ ನಷ್ಟ. ನಾಲ್ಕು ಆಯ್ಕೆಗಳಿರುವಾಗ 12 ಪ್ರಶ್ನೆಗಳನ್ನು ಕಣ್ಣುಮುಚ್ಚಿ ತುಂಬಿದರೂ ಸರಾಸರಿ 3 ಸರಿಯಾಗುತ್ತವೆ. ಮೂರು ಪ್ರಶ್ನೆಗಳ ಬೆಲೆ ಏನೆಂದು ಮೊದಲ ಹಂತದಲ್ಲಿ ನೋಡಿದ್ದೀರಿ.

ಒಎಂಆರ್ ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬುವುದು ಅಪಾಯ. ಪ್ರಶ್ನೆಪುಸ್ತಿಕೆಯ ಎರಡು ಪುಟ ಮುಗಿದಾಗ ಅಷ್ಟನ್ನು ತುಂಬಿ, ಪ್ರಶ್ನೆ ಸಂಖ್ಯೆಯನ್ನು ಮನಸ್ಸಿನಲ್ಲಿ ಉಚ್ಚರಿಸುತ್ತ ತುಂಬಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗಲೇ ಸಾಲು ತಪ್ಪುವುದು. ಒಂದು ಸಾಲು ತಪ್ಪಿದರೆ ಕೆಳಗಿನವೆಲ್ಲ ತಪ್ಪು, ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು. ಈ ಕೌಶಲ ಅಭ್ಯಾಸದಿಂದಲೇ ಬರಬೇಕು. ಅದಕ್ಕೇ ಜೆರಾಕ್ಸ್ ಹಾಳೆಗಳು. ಪುಸ್ತಕದ ಅಂಚಿನಲ್ಲಿ ಟಿಕ್ ಹಾಕಿ ಅಭ್ಯಾಸ ಮಾಡಿದವರಿಗೆ ಪರೀಕ್ಷೆಯ ದಿನ ಹಲವು ನಿಮಿಷ ಕಡಿಮೆ ಬೀಳುತ್ತದೆ.

ಹಂತ 8: ವಿಷಯಕ್ಕೆ ತಕ್ಕ ವೇಗ

ಭೌತಶಾಸ್ತ್ರದ ಒಂದು ಲೆಕ್ಕ ನೋಡಿ. 220 ವೋಲ್ಟಿನ 60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ 220 ವೋಲ್ಟ್ ಕೊಟ್ಟರೆ ಒಟ್ಟು ಎಷ್ಟು ವ್ಯಾಟ್ ವ್ಯಯವಾಗುತ್ತದೆ? ಪಿಯುಸಿ ರೀತಿಯಲ್ಲಿ ಹೊರಟರೆ 48,400ನ್ನು 60ರಿಂದ ಭಾಗಿಸಿ ಸುಮಾರು 806.67 ಓಮ್, 100ರಿಂದ ಭಾಗಿಸಿ 484 ಓಮ್, ಎರಡನ್ನೂ ಕೂಡಿಸಿ 1290.67, ಮತ್ತೆ 48,400ನ್ನು ಅದರಿಂದ ಭಾಗಿಸಬೇಕು. ಕ್ಯಾಲ್ಕುಲೇಟರ್ ಇಲ್ಲದೆ ಎರಡು ನಿಮಿಷ ಹೋಗುತ್ತದೆ. ವೋಲ್ಟೇಜ್ ಒಂದೇ ಆಗಿರುವುದರಿಂದ ಅದು ಲೆಕ್ಕದಿಂದ ಬಿಟ್ಟುಹೋಗುತ್ತದೆ ಎಂದು ಗಮನಿಸಿದವರು 60ನ್ನು 100ರಿಂದ ಗುಣಿಸಿ 160ರಿಂದ ಭಾಗಿಸುತ್ತಾರೆ: 37.5 ವ್ಯಾಟ್. ಹದಿನೈದು ಸೆಕೆಂಡ್. ಈ ಅಡ್ಡದಾರಿಯನ್ನು ಉರು ಹೊಡೆಯಬಾರದು, ಉದ್ದದಾರಿಯನ್ನು ಒಮ್ಮೆ ಅರ್ಥ ಮಾಡಿಕೊಂಡವರಿಗಷ್ಟೇ ಅದು ಸರಿಯಾದ ಜಾಗದಲ್ಲಿ ನೆನಪಾಗುತ್ತದೆ. ಜನವರಿಯ ವರೆಗೆ ಪಠ್ಯಪುಸ್ತಕ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಭೌತಶಾಸ್ತ್ರದಲ್ಲಿ ಇನ್ನೊಂದು ಮಾತು: ಲೆಕ್ಕ ಆರಂಭಿಸುವ ಮೊದಲು ನಾಲ್ಕೂ ಆಯ್ಕೆಗಳನ್ನು ನೋಡಿ. ಯೂನಿಟ್ ಹೊಂದದ ಉತ್ತರವನ್ನು ಅಲ್ಲೇ ಹೊಡೆದುಹಾಕಬಹುದು. ಆಯ್ಕೆಗಳು ಒಂದಕ್ಕೊಂದು ದೂರವಿದ್ದರೆ ಅಂದಾಜು ಲೆಕ್ಕ ಸಾಕು.

ಗಣಿತದಲ್ಲಿ ಸಮಯ ಸಾಲದಿರುವುದು ಎಲ್ಲರ ದೂರು. ಮೊದಲು ಮ್ಯಾಟ್ರಿಕ್ಸ್, ಸಂಭವನೀಯತೆ, ಲೀನಿಯರ್ ಪ್ರೋಗ್ರಾಮಿಂಗ್, ವೆಕ್ಟರ್‌ಗಳಂಥ ಬೇಗ ಮುಗಿಯುವ ಪ್ರಶ್ನೆಗಳನ್ನು ಆರಿಸಿಕೊಳ್ಳಿ. ಆಯ್ಕೆಯನ್ನೇ ಸಮೀಕರಣದಲ್ಲಿ ಹಾಕಿ ನೋಡುವುದು, ಚರಾಕ್ಷರದ ಬದಲು 0 ಅಥವಾ 1 ಹಾಕಿ ಪರೀಕ್ಷಿಸುವುದು ಇಲ್ಲಿ ನ್ಯಾಯವಾದ ವಿಧಾನವೇ.

ರಸಾಯನಶಾಸ್ತ್ರದಲ್ಲಿ ಹೆಸರುಳ್ಳ ಕ್ರಿಯೆಗಳನ್ನು ಒಂದೇ ಹಾಳೆಯಲ್ಲಿ ಬರೆದು ದಿನಾ ಒಮ್ಮೆ ನೋಡದೆ ಬರೆಯಿರಿ. ಜೀವಶಾಸ್ತ್ರಕ್ಕೆ ಪಠ್ಯದ ಸಾಲು, ಚಿತ್ರ, ಕೋಷ್ಟಕ ಇಷ್ಟೇ ಸಾಕು.

ಎಚ್ಚರಿಕೆಯ ಸೂಚನೆಗಳು

ಪರೀಕ್ಷೆಗೆ ಎರಡು ವಾರ ಇರುವಾಗ ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ದಾರಿ ಬದಲಿಸಿ: ‘ಇನ್ನೊಂದು ಸಲ ಓದಿ ಆಮೇಲೆ ಟೆಸ್ಟ್ ಬರೆಯುತ್ತೇನೆ’ ಎಂದು ದಿನ ಮುಂದೂಡುವುದು, ಇಷ್ಟದ ವಿಷಯದ ಪತ್ರಿಕೆಯನ್ನೇ ಮತ್ತೆ ಮತ್ತೆ ಬರೆಯುವುದು, ಕೀ ಉತ್ತರ ನೋಡಿ ‘ಇದು ಗೊತ್ತಿತ್ತು’ ಎಂದು ತಪ್ಪನ್ನು ಸರಿಯೆಂದು ಎಣಿಸಿಕೊಳ್ಳುವುದು, ಹೊಸ ಗೈಡ್ ಕೊಳ್ಳುವ ಆಸೆ.

ನಿದ್ದೆ ಐದು ಗಂಟೆಗಿಂತ ಕೆಳಗಿಳಿದರೆ, ಊಟ ಸೇರದಿದ್ದರೆ, ಸಣ್ಣ ಮಾತಿಗೂ ಮಗು ಅಳಲು ಶುರುಮಾಡಿದರೆ ಅದು ಓದಿನ ಸಮಸ್ಯೆಯಲ್ಲ. ಒಂದು ದಿನ ಪುಸ್ತಕ ಮುಚ್ಚಿಸಿ, ಸಂಜೆ ಪಣಂಬೂರಿಗೋ ಮಲ್ಪೆಗೋ ಕರೆದುಕೊಂಡು ಹೋಗಿ, ಅಂಕದ ಮಾತೆತ್ತದೆ ಕೂತು ಬನ್ನಿ. ಆಮೇಲೂ ಹಾಗೆಯೇ ಇದ್ದರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಪಕ್ಕದ ಮನೆಯ ಮಗುವಿನ ಹೋಲಿಕೆಯನ್ನು ದಯವಿಟ್ಟು ಯಾರೂ ಮಾಡಬೇಡಿ.

ಹಂತ 9: ಪರೀಕ್ಷೆಯ ಎರಡು ದಿನ

ಹಿಂದಿನ ದಿನವೇ ಕೇಂದ್ರವನ್ನು ನೋಡಿ ಬನ್ನಿ. ಒಂದೇ ಸಂಸ್ಥೆಯ ಹೆಸರಿನಲ್ಲಿ ಎರಡು ಮೂರು ಕ್ಯಾಂಪಸ್‌ಗಳಿರುವ ಊರುಗಳಿವು, ಪ್ರವೇಶಪತ್ರದಲ್ಲಿರುವ ವಿಳಾಸವನ್ನು ಪೂರ್ತಿ ಓದಿ. ಕುಂದಾಪುರ, ಕಾರ್ಕಳ, ಪುತ್ತೂರು ಕಡೆಯಿಂದ ಬರುವವರು ಸಮಯಕ್ಕೆ ಸರಿಯಾಗಿ ತಲುಪುವ ಬಸ್ಸಿಗಿಂತ ಹಿಂದಿನ ಬಸ್ ಹಿಡಿಯಿರಿ.

ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಪೆನ್ ಇರಲಿ. ಮೊಬೈಲ್, ಕ್ಯಾಲ್ಕುಲೇಟರ್, ಕೈಗಡಿಯಾರ ಯಾವುದಕ್ಕೂ ಒಳಗೆ ಅವಕಾಶವಿಲ್ಲ. ಕೈಗಡಿಯಾರ ನೋಡುತ್ತ ಅಭ್ಯಾಸ ಮಾಡಿದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಕೊನೆಯ ಹತ್ತು ದಿನವಾದರೂ ಗಡಿಯಾರವನ್ನು ಬೆನ್ನ ಹಿಂದಿಟ್ಟು, ಮನೆಯವರು ಅರ್ಧ ಸಮಯವಾದಾಗ ಮತ್ತು ಹತ್ತು ನಿಮಿಷ ಉಳಿದಾಗ ಮಾತ್ರ ಹೇಳುವಂತೆ ಮಾಡಿ ಬರೆಯಿರಿ. ವಸ್ತ್ರಸಂಹಿತೆಯ ಸೂಚನೆಗಳನ್ನು ಆ ವರ್ಷದ ಪ್ರವೇಶಪತ್ರದ ಜೊತೆಗೇ ಓದಿಕೊಳ್ಳಿ.

ಪ್ರಶ್ನೆಪುಸ್ತಿಕೆ ಕೈಗೆ ಬಂದ ಕೂಡಲೇ ವರ್ಷನ್ ಕೋಡ್ ಮತ್ತು ಕ್ರಮಸಂಖ್ಯೆಯನ್ನು ಒಎಂಆರ್ ಹಾಳೆಯಲ್ಲಿ ಬರೆದು, ಬರೆದದ್ದನ್ನು ಮತ್ತೊಮ್ಮೆ ತಾಳೆ ನೋಡಿ. ಇದು ತಪ್ಪಿದರೆ ಮುಂದಿನ ಎಂಬತ್ತು ನಿಮಿಷಗಳ ಶ್ರಮ ನೀರುಪಾಲು.

ಎರಡು ಪತ್ರಿಕೆಗಳ ನಡುವೆ ಸುಮಾರು ಎರಡೂಮುಕ್ಕಾಲು ಗಂಟೆ ಬಿಡುವು. ಮನೆಯಿಂದ ತಂದ ಹಗುರವಾದ ಬುತ್ತಿ ಉಂಡು ನೆರಳಿನಲ್ಲಿ ಕೂರಿ. ಬೆಳಗಿನ ಪತ್ರಿಕೆಯ ಉತ್ತರ ಚರ್ಚಿಸುವ ಗುಂಪಿನಿಂದ ದೂರವಿರಿ. ಹೆತ್ತವರೂ ಗೇಟಿನ ಬಳಿ ‘ಎಷ್ಟು ಸರಿಯಾಯಿತು?’ ಎಂದು ಕೇಳಬೇಡಿ. ನೀರು ಕೊಟ್ಟರೆ ಸಾಕು.

ಹಂತ 10: ಪರೀಕ್ಷೆಯ ನಂತರ

ಕೀ ಉತ್ತರಗಳು ಪ್ರಕಟವಾದಾಗ ನಿಮ್ಮ ಉತ್ತರಗಳೊಂದಿಗೆ ಹೋಲಿಸಿ. ಯಾವುದಾದರೂ ಕೀ ತಪ್ಪೆನಿಸಿದರೆ ಪಠ್ಯಪುಸ್ತಕದ ಪುಟದ ಆಧಾರದೊಂದಿಗೆ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಿ.

ಸೀಟು ಹಂಚಿಕೆಗಾಗಿ ಕಾಲೇಜು ಮತ್ತು ಕೋರ್ಸುಗಳ ಆಯ್ಕೆಗಳನ್ನು ತುಂಬುವಾಗ ನಿಮಗೆ ಸಿಗಬಹುದೆಂದು ತೋರುವ ಕಾಲೇಜನ್ನು ಮೊದಲು ಹಾಕಬೇಡಿ, ನಿಮಗೆ ಬೇಕಾದುದನ್ನು ಮೊದಲು ಹಾಕಿ. ಸೀಟು ಹಂಚಿಕೆ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಮೇಲಿನದು ಸಿಕ್ಕಿತೆಂದರೆ ಕೆಳಗಿನವನ್ನು ನೋಡುವುದೇ ಇಲ್ಲ. ನಿಜವಾದ ಹಂಚಿಕೆಗೆ ಮೊದಲು ಪ್ರಕಟಿಸುವ ಅಣಕು ಹಂಚಿಕೆ ಬಂದ ನಂತರ ಪಟ್ಟಿಯನ್ನು ತಿದ್ದಲು ಅವಕಾಶವಿದೆ, ಅದನ್ನು ಬಳಸಿಕೊಳ್ಳಿ.

ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಆಯ್ಕೆಗಳಲ್ಲಿ ಗೊಂದಲ ಹೆಚ್ಚು. ಒಂದನೆಯದು ಸೀಟು ಒಪ್ಪಿಕೊಂಡು ಕಾಲೇಜು ಸೇರುವುದು. ಎರಡನೆಯದು ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದಕ್ಕೆ ಕಾಯುವುದು. ಮೂರನೆಯದು ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಪೂರ್ತಿ ಹೊರಬರುವುದು. ಕೈಯಲ್ಲಿರುವ ಸೀಟು ಒಪ್ಪಿಗೆಯಿದ್ದು ಇನ್ನೂ ಉತ್ತಮವಾದುದು ಬೇಕೆಂದರೆ ಎರಡನೆಯದೇ ಸರಿ. ಮೂರನೆಯದನ್ನು ಒತ್ತುವ ಮುನ್ನ, ಮುಂದೆ ಏನೂ ಸಿಗದಿದ್ದರೆ ಎಲ್ಲಿ ಸೇರುವುದೆಂದು ಮನೆಯಲ್ಲಿ ಕೂತು ತೀರ್ಮಾನಿಸಿ, ಕೊನೆಯ ದಿನದ ರಾತ್ರಿಯ ತನಕ ಕಾಯದೆ ದಾಖಲಿಸಿ.